ಸೊರಗಿದರೆ ಕೇಳುವ ಊರಿನಲ್ಲಿ

ಆಳಂದದಲ್ಲಾಗಲಿ, ಅಫಜಲಪುರದಲ್ಲಾಗಲಿ, ಭೀಮೆಯನ್ನು ದಾಟಿ ಜೇವರ್ಗಿಗೆ ಹೋದಮೇಲಾಗಲಿ, ನಾಲ್ಕಾರು ತಿಂಗಳ ಮೇಲೆ ನೀವು ಒಬ್ಬ ನೆಂಟರ ಮನೆಗೆ ಹೋದಿರೆನ್ನಿ. ಕೈಕಾಲಿಗೆ ನೀರು ಕೊಡುವ ಮೊದಲೇ ಆ ಮನೆಯ ಹಿರಿಯಾಕೆ ನಿಮ್ಮ ಮುಖವನ್ನು ದಿಟ್ಟಿಸಿ ನೋಡುತ್ತಾಳೆ. “ಯಾಕಪ್ಪಾ, ಭಾಳ ಸೊರಗೀದಿ? ಆರಾಮ ಇಲ್ಲೇನು?” ಎಂದು ಕೇಳುತ್ತಾಳೆ. ನಿಮ್ಮ ತೂಕ ಇಳಿದಿರಲಿ, ಇಳಿಯದಿರಲಿ, ಪ್ರಶ್ನೆ ತಪ್ಪುವುದಿಲ್ಲ. ನಿಜವಾಗಿಯೂ ಇಳಿದಿದ್ದರಂತೂ ಮುಗಿಯಿತು. ಊಟದ ಹೊತ್ತಿಗೆ ಆ ಸುದ್ದಿ ನೆರೆಮನೆಗೆ, ಸಂಜೆಯ ಹೊತ್ತಿಗೆ ಓಣಿಗೆಲ್ಲ ಹಬ್ಬಿರುತ್ತದೆ. ಮಗನ ಚಿಂತೆಯೋ, ಸಾಲದ ಬಾಧೆಯೋ, ಸಕ್ಕರೆ ಕಾಯಿಲೆಯೋ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹುಡುಕುತ್ತಾರೆ.

ಇಂಥ ಊರಿನಲ್ಲಿ ಮೈ ಬೆಳೆದ ಒಬ್ಬ ಗೃಹಿಣಿ ತನ್ನ ಆರೋಗ್ಯಕ್ಕಾಗಿ ಸ್ವಲ್ಪ ಕರಗಬೇಕೆಂದು ಮನಸ್ಸು ಮಾಡಿದಳೆಂದು ಇಟ್ಟುಕೊಳ್ಳೋಣ. ಆಕೆಗೆ ಎರಡು ಭಯಗಳು. ಹೇಳಿಕೊಂಡು ಹೊರಟರೆ “ಈ ವಯಸ್ಸಿನ್ಯಾಗ ಇದೇನು ಸೊಗಸು?” ಎಂಬ ನಗೆ. ನಡುವೆ ಸೋತರೆ ಮತ್ತೂ ದೊಡ್ಡ ನಗೆ. ಆದುದರಿಂದ ಯಾರಿಗೂ ತಿಳಿಯದಂತೆ ಈ ಕೆಲಸವನ್ನು ಮಾಡಬೇಕೆಂದು ಆಕೆ ಬಯಸಿದರೆ ತಪ್ಪೇನೂ ಇಲ್ಲ. ಈ ಬಯಕೆ ಇಂದು ನಿನ್ನೆಯದಲ್ಲ. ಇದಕ್ಕೊಂದು ಚರಿತ್ರೆಯುಂಟು. ಅದರ ಹಲವು ಪುಟಗಳು ನಮ್ಮ ಭೀಮಾ ತೀರದಲ್ಲಿಯೇ ಇವೆ.

ಮೊದಲು ನೆಂಟರ ಆ ಪ್ರಶ್ನೆ ಎಲ್ಲಿಂದ ಬಂತೆಂಬುದನ್ನು ನೋಡೋಣ. ಅದು ಬರಿಯ ಕುತೂಹಲವಲ್ಲ. ಅದರ ಹಿಂದೆ ಶತಮಾನಗಳ ಹಸಿವಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಮೊದಲಾಗಿ ದಖ್ಖನವನ್ನು ವರ್ಷಗಟ್ಟಲೆ ಕಾಡಿದ ಕ್ಷಾಮವನ್ನು ಜನ ದುರ್ಗಾದೇವಿ ಬರವೆಂದು ಕರೆದರು. ೧೮೭೬ರಿಂದ ೧೮೭೮ರವರೆಗಿನ ಧಾತು ಈಶ್ವರ ಬರ ನಿಜಾಮರ ಸೀಮೆಯಲ್ಲಿದ್ದ ಕಲಬುರಗಿ, ರಾಯಚೂರುಗಳನ್ನೂ ಬಿಡಲಿಲ್ಲ. ನೆರೆಯ ಬ್ರಿಟಿಷ್ ಪ್ರಾಂತಗಳ ಪರಿಹಾರ ಕಾಮಗಾರಿಗಳಲ್ಲಿ ೧೮೭೭ರ ಆರಂಭಕ್ಕೆ ದುಡಿಯುವ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ ಮತ್ತು ಅದರ ಮೇಲೆ ಒಂದಿಷ್ಟು ಚಿಲ್ಲರೆಗೆ ಇಳಿಸಲಾಯಿತು. ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಕಲ್ಲು ಒಡೆದು ಮಣ್ಣು ಹೊರುವವನಿಗೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್ ಎಂಬವರು ವಾದಿಸಿದರು. ಮನುಷ್ಯನ ದೇಹಕ್ಕೆ ದಿನಕ್ಕೆ ಎಷ್ಟು ಅನ್ನ ಬೇಕೆಂಬ ಲೆಕ್ಕವನ್ನು ನಮ್ಮ ದೇಶದಲ್ಲಿ ಸರಕಾರ ಗಂಭೀರವಾಗಿ ಚರ್ಚಿಸಿದ್ದು ಎಲುಬು ಎಣಿಸಬಹುದಾದ ಮೈಗಳ ಮುಂದೆ ನಿಂತು. ೧೯೭೨ರ ಬರವಂತೂ ಈಗಲೂ ಅನೇಕ ಹಿರಿಯರ ನೆನಪಿನಲ್ಲಿದೆ.

ಇಂಥ ನೆಲದಲ್ಲಿ ತುಂಬಿದ ಮೈ ಎಂದರೆ ತುಂಬಿದ ಕಣಜ. ಸೊರಗಿದ ಮೈ ಎಂದರೆ ಬರಿದಾದ ಹಗೇವು. ಹಿರಿಯಾಕೆಯ ಪ್ರಶ್ನೆಯಲ್ಲಿ ಇರುವುದು ಈ ನೆನಪು. ಆಕೆ ನಿಮ್ಮನ್ನು ಹಂಗಿಸುತ್ತಿಲ್ಲ, ನಿಮ್ಮ ಮನೆಯ ಕಾಳು ಕಡಿ ನೆಟ್ಟಗಿದೆಯೇ ಎಂದು ವಿಚಾರಿಸುತ್ತಿದ್ದಾಳೆ.

ಅರಸರ ಕಾಲದಲ್ಲಿ ತೂಕವೆಂಬುದು ಮುಚ್ಚಿಡುವ ಸಂಗತಿಯೇ ಆಗಿರಲಿಲ್ಲ. ಕಲಬುರಗಿ ಜಿಲ್ಲೆಯ ಮಳಖೇಡವನ್ನು ರಾಜಧಾನಿಯಾಗಿ ಮಾಡಿಕೊಂಡಿದ್ದ ರಾಷ್ಟ್ರಕೂಟರಲ್ಲಿ ಮೂರನೆಯ ಇಂದ್ರನು ಕ್ರಿ. ಶ. ೯೧೫ರಲ್ಲಿ ಪಟ್ಟಬಂಧೋತ್ಸವಕ್ಕಾಗಿ ಕುರುಂದಕಕ್ಕೆ ಹೋಗಿ ತುಲಾಪುರುಷದಾನ ಮಾಡಿದನು. ತಕ್ಕಡಿಯ ತಟ್ಟೆಯಿಂದ ಇಳಿಯುವ ಮೊದಲೇ ಕುರುಂದಕವೇ ಮೊದಲಾದ ಗ್ರಾಮಗಳನ್ನು ದಾನವಾಗಿ ಕೊಟ್ಟನೆಂದು ಅವನ ತಾಮ್ರಶಾಸನ ಹೇಳುತ್ತದೆ. ಅರಸನು ಎಷ್ಟು ತೂಗಿದರೆ ಅಷ್ಟು ಪುಣ್ಯ. ತಕ್ಕಡಿ ಅಂದು ಸಭೆಯ ನಡುವೆ ನಿಂತಿತ್ತು. ಅದು ಮಲಗುವ ಕೋಣೆಯ ಬಾಗಿಲ ಹಿಂದಕ್ಕೆ ಸರಿಯಲು ಮುಂದೆ ಸಾವಿರ ವರ್ಷ ಬೇಕಾಯಿತು.

ಹಾಗೆಂದು ನಮ್ಮ ಹಿಂದಿನವರು ಅತಿಯಾದ ಮೈಯ ತೊಂದರೆಯನ್ನು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಅತಿಸ್ಥೂಲನಿಗೆ ಎಂಟು ದೋಷಗಳನ್ನು ಅದು ಎಣಿಸುತ್ತದೆ. ಆಯುಷ್ಯದ ಇಳಿತ, ಚುರುಕಿಲ್ಲದಿರುವುದು, ದೌರ್ಬಲ್ಯ, ಹೆಚ್ಚು ಬೆವರು, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ ಇವು ಅವುಗಳಲ್ಲಿ ಕೆಲವು. ಕಾರಣಗಳನ್ನು ಹೇಳುವಾಗ ಸಿಹಿ ಮತ್ತು ಜಿಡ್ಡಿನ ಊಟ, ಹಗಲುನಿದ್ದೆ, ವ್ಯಾಯಾಮವಿಲ್ಲದಿರುವುದು ಇವುಗಳ ಜೊತೆಗೆ ಬೀಜಸ್ವಭಾವವನ್ನೂ ಸೇರಿಸಿದೆ. ಎಂದರೆ ತಾಯಿತಂದೆಗಳಿಂದ ಬಂದ ಗುಣವೂ ಒಂದು ಕಾರಣ. ದಪ್ಪಗಿರುವವರನ್ನು ಹೊಟ್ಟೆಬಾಕರೆಂದು ನಗುವ ಮುನ್ನ ಈ ಮಾತನ್ನು ನೆನೆಯಬೇಕು. ಚಿಕಿತ್ಸೆಯ ಭಾಗದಲ್ಲಿ ಇನ್ನೊಂದು ಮಾತಿದೆ. ಸ್ಥೌಲ್ಯವನ್ನು ಕಳೆದುಕೊಳ್ಳಬೇಕೆನ್ನುವವನು ವ್ಯಾಯಾಮವೇ ಮೊದಲಾದವನ್ನು ಒಮ್ಮೆಗೇ ಅಲ್ಲ, ಕ್ರಮಕ್ರಮವಾಗಿ ಹೆಚ್ಚಿಸಿಕೊಳ್ಳಬೇಕಂತೆ. ಕ್ರಮಕ್ರಮವಾಗಿ ಆಗುವ ಬದಲಾವಣೆ ಸುಲಭವಾಗಿ ಯಾರ ಕಣ್ಣಿಗೂ ಬೀಳದು. ಗುಟ್ಟಾಗಿ ಕರಗಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆ ಬೇರೆಯಿಲ್ಲ.

ಇನ್ನು ಈ ಸೀಮೆಯ ಧರ್ಮಗಳತ್ತ ಬರೋಣ. ಮಳಖೇಡ ಜೈನರಿಗೆ ದೊಡ್ಡ ಕೇಂದ್ರ. ಜೈನರ ಬಾಹ್ಯ ತಪಸ್ಸು ಆರರಲ್ಲಿ ಉಪವಾಸದ ಮಗ್ಗುಲಲ್ಲೇ ಅವಮೌದರ್ಯವೆಂಬ ಇನ್ನೊಂದು ತಪಸ್ಸುಂಟು. ಹೊಟ್ಟೆಯನ್ನು ತುಸು ಖಾಲಿ ಬಿಟ್ಟು ಏಳುವುದೇ ಅದರ ಅರ್ಥ. ಗಂಡಸಿನ ಪೂರ್ತಿ ಊಟಕ್ಕೆ ೩೨ ತುತ್ತು, ಹೆಂಗಸಿನದಕ್ಕೆ ೨೮ ತುತ್ತು ಎಂದು ಅವರ ಶಾಸ್ತ್ರಗ್ರಂಥಗಳು ಅಳತೆ ಇಟ್ಟವು. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ತಪಸ್ಸೇ. ಉಪವಾಸ ಮಾಡುವವನ ತಟ್ಟೆ ಖಾಲಿ, ಅದು ಎಲ್ಲರಿಗೂ ಕಾಣುತ್ತದೆ. ೩೧ನೆಯ ತುತ್ತಿಗೆ ಕೈ ತೊಳೆದವನನ್ನು ಪಕ್ಕದಲ್ಲಿ ಕುಳಿತವನೂ ಗುರುತಿಸಲಾರ.

ಅಫಜಲಪುರ ತಾಲೂಕಿನ ದೇವಲ ಗಾಣಗಾಪುರಕ್ಕೆ ನೀವು ಹೋಗಿರಬಹುದು. ಆಳಂದ ತಾಲೂಕಿನಿಂದ ಹರಿದು ಬರುವ ಅಮರ್ಜಾ ನದಿ ಭೀಮೆಯನ್ನು ಕೂಡುವುದು ಅಲ್ಲಿಯೇ. ಹದಿನೈದನೆಯ ಶತಮಾನದಲ್ಲಿ ನರಸಿಂಹ ಸರಸ್ವತಿಗಳು ನೆಲೆಸಿದ್ದ ಆ ಕ್ಷೇತ್ರದಲ್ಲಿ ಭಕ್ತರು ಕನಿಷ್ಠ ಐದು ಮನೆಗಳಲ್ಲಿ ಮಧುಕರಿ ಬೇಡಿ ಉಣ್ಣುವ ಪದ್ಧತಿ ಇಂದಿಗೂ ಇದೆ. ಸಿರಿವಂತನೂ ಜೋಳಿಗೆ ಹಿಡಿಯುತ್ತಾನೆ. ದುಂಬಿ ಹೂವಿನಿಂದ ಹೂವಿಗೆ ಹೋಗಿ ತುಸುತುಸುವೇ ಮಧು ತೆಗೆದುಕೊಳ್ಳುವಂತೆ ಇದು. ಏನು ಉಣ್ಣಬೇಕು, ಎಷ್ಟು ಉಣ್ಣಬೇಕೆಂಬ ಹಟ ಅಲ್ಲಿ ನಡೆಯದು. ಕೊಟ್ಟಷ್ಟು ಉಣ್ಣಬೇಕು. ಮನೆಯಲ್ಲಿ ನಾಲಗೆಯ ಮಾತಿನಂತೆ ನಡೆಯುವವರಿಗೆ ನಾಲ್ಕು ದಿನದ ಮಧುಕರಿ ಒಂದು ಪಾಠ.

ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಹೊಟ್ಟೆಯಲ್ಲಿ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿಯವರ ಉಪದೇಶ ಮುಸಲ್ಮಾನರಲ್ಲಿ ಪ್ರಸಿದ್ಧ. ವಾಗ್ಭಟನ ಅಷ್ಟಾಂಗಹೃದಯವು ಹೊಟ್ಟೆಯನ್ನು ನಾಲ್ಕು ಪಾಲು ಮಾಡಿ ಎರಡನ್ನು ಅನ್ನಕ್ಕೆ, ಒಂದನ್ನು ನೀರಿಗೆ, ಒಂದನ್ನು ಗಾಳಿಗೆ ಬಿಡಬೇಕೆನ್ನುತ್ತದೆ. ಪಾಲುಗಳ ಲೆಕ್ಕ ಬೇರೆ, ವಿವೇಕ ಒಂದೇ. ಎರಡೂ ಕಡೆ ಒಂದು ಪಾಲು ಖಾಲಿ ಉಳಿಯಬೇಕು. ಆ ಖಾಲಿ ಜಾಗ ಹೊರಗಿನವರಿಗೆ ಕಾಣುವಂಥದಲ್ಲ.

ಜೇವರ್ಗಿಯದು ಇನ್ನೊಂದು ಮುಖ. ಹದಿನೇಳನೆಯ ಶತಮಾನದಲ್ಲಿ ಅಖಂಡೇಶ್ವರ ಎಂಬ ಅಂಕಿತದಿಂದ ವಚನ ಬರೆದ ಷಣ್ಮುಖ ಶಿವಯೋಗಿಗಳ ಊರು ಅದು. ಕಲಬುರಗಿಯಲ್ಲಿ ದಾಸೋಹದಿಂದ ಹೆಸರಾದ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿಯೂ ಜೇವರ್ಗಿ ಸೀಮೆಯದೇ. ದಾಸೋಹದ ನಾಡಿನಲ್ಲಿ ಅನ್ನವೇ ಪ್ರಸಾದ. ಅದನ್ನು ಒಲ್ಲೆನೆನ್ನುವುದು, ತಟ್ಟೆಯಲ್ಲಿ ಬಿಡುವುದು ಎರಡೂ ಅಪಚಾರ. “ಇನ್ನೊಂದು ಹೋಳಿಗಿ ಹಾಕ್ತೀನ್ರಿ, ಬ್ಯಾಡ ಅನಬ್ಯಾಡ್ರಿ” ಎನ್ನುವ ಮನೆಯೊಡತಿಯ ಕೈಯನ್ನು ತಡೆಯುವುದು ಎಷ್ಟು ಕಷ್ಟವೆಂಬುದನ್ನು ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭಜ್ಜಿ ರೊಟ್ಟಿ ಉಂಡವರು ಬಲ್ಲರು.

ಈ ಬಿಕ್ಕಟ್ಟಿನಿಂದ ಪಾರಾಗಲು ನಮ್ಮ ಅಜ್ಜಿಯರು ಒಂದು ಪರದೆಯನ್ನು ಕಂಡುಕೊಂಡಿದ್ದರು. ಅದೇ ವ್ರತ. “ಇವತ್ತು ಸೋಮವಾರ್ರಿ, ನಾ ಒಪ್ಪತ್ತು” ಎಂದರೆ ಯಾರೂ ಎರಡನೆಯ ಪ್ರಶ್ನೆ ಕೇಳರು. ಏಕಾದಶಿಯೆಂದರೆ ಕೈ ಮುಗಿಯುತ್ತಾರೆ. ರೋಜಾ ಎಂದರೆ ಗೌರವದಿಂದ ಸುಮ್ಮನಾಗುತ್ತಾರೆ. ಭಕ್ತಿಗಾಗಿಯೇ ಮಾಡುವವರ ಮಾತು ಬೇರೆ. ಆದರೆ ಮೈಯನ್ನು ಹಿಡಿತಕ್ಕೆ ತಂದುಕೊಳ್ಳಬೇಕೆನ್ನುವವಳಿಗೂ ವ್ರತವು ಪ್ರಶ್ನೆಗಳಿಂದ ರಕ್ಷಣೆ ಕೊಡುತ್ತಿತ್ತು. ಪರದೆಯ ಹಿಂದೆ ಒಂದು ಮೋಸವೂ ಸೇರಿಕೊಂಡಿತು ಎನ್ನಬೇಕು. ಉಪವಾಸದ ಹೆಸರಿನಲ್ಲಿ ಸಾಬೂದಾನಿ ಖಿಚಡಿ, ಕರಿದ ಆಲೂಗಡ್ಡೆ, ಶೇಂಗಾ ಉಂಡಿ ಬಂದವು. ಅಂಥ ಉಪವಾಸ ದಿನನಿತ್ಯದ ಊಟಕ್ಕಿಂತ ಭಾರವಾಗುವುದುಂಟು.

ಹೊರಗಿನ ಜಗತ್ತಿನಲ್ಲಿಯೂ ಇದೇ ಕಥೆ ಬೇರೆ ವೇಷದಲ್ಲಿ ನಡೆದಿದೆ. ಹದಿನಾರನೆಯ ಶತಮಾನದಲ್ಲಿ ವೆನಿಸ್ ಸೀಮೆಯ ಲುಯಿಜಿ ಕೊರ್ನಾರೊ ಎಂಬ ಸಿರಿವಂತ ಅತಿಭೋಗದಿಂದ ಕಾಯಿಲೆ ಬಿದ್ದನು. ವೈದ್ಯರ ಮಾತಿನಂತೆ ಊಟವನ್ನು ಮಿತಗೊಳಿಸಿ ಗುಣವಾದನು. ದಿನಕ್ಕೆ ಹನ್ನೆರಡು ಔನ್ಸ್ ಆಹಾರ, ಹದಿನಾಲ್ಕು ಔನ್ಸ್ ದ್ರಾಕ್ಷಾರಸ ಅವನ ಪ್ರಮಾಣ. ಮನೆಯವರೂ ಗೆಳೆಯರೂ “ಮುದುಕನಿಗೆ ಇಷ್ಟು ಸಾಲದು” ಎಂದು ಬೆನ್ನು ಹತ್ತಿದರು. ದಾಕ್ಷಿಣ್ಯಕ್ಕೆ ಎರಡೆರಡು ಔನ್ಸ್ ಏರಿಸಿಕೊಂಡು ಮತ್ತೆ ಹಾಸಿಗೆ ಹಿಡಿದನು. ತನ್ನ ಹಳೆಯ ಅಳತೆಗೆ ಹಿಂದಿರುಗಿದಮೇಲೆಯೇ ಚೇತರಿಸಿಕೊಂಡನು. ಈ ಅನುಭವವನ್ನು ಅವನು ೧೫೫೮ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದನು. ಒತ್ತಾಯದ ಹೋಳಿಗೆ ವೆನಿಸಿನಲ್ಲಿಯೂ ಇತ್ತೆಂದಾಯಿತು.

ಎಲ್ಲಕ್ಕಿಂತ ಮನಮುಟ್ಟುವುದು ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರ ಕಥೆ. ಅವರದು ಶವಸಂಸ್ಕಾರದ ವ್ಯವಸ್ಥೆ ಮಾಡುವ ಪ್ರತಿಷ್ಠಿತ ಮನೆತನ. ೧೮೬೨ರಲ್ಲಿ ಅವರಿಗೆ ೬೬ ವರ್ಷ. ಐದಡಿ ಐದಂಗುಲದ ಎತ್ತರಕ್ಕೆ ೨೦೨ ಪೌಂಡ್ ತೂಕ, ಎಂದರೆ ಸುಮಾರು ೯೨ ಕಿಲೋ. ಬಗ್ಗಿ ಬೂಟಿನ ದಾರ ಕಟ್ಟಲಾಗದು. ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿಯಬೇಕು. ಇವಕ್ಕಿಂತ ಹೆಚ್ಚಾಗಿ ಅವರನ್ನು ಸುಟ್ಟದ್ದು ಜನ ಸೇರುವ ಕಡೆ ಕೇಳಿಬರುತ್ತಿದ್ದ ಕುಹಕದ ಮಾತು. ಕಿವಿಯ ತೊಂದರೆಗೆಂದು ಕಂಡ ವೈದ್ಯರೊಬ್ಬರು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದರು. ಒಂದು ವರ್ಷದಲ್ಲಿ ೪೬ ಪೌಂಡ್ ಇಳಿಯಿತು. ೧೮೬೩ರಲ್ಲಿ ಬ್ಯಾಂಟಿಂಗ್ ತಮ್ಮ ಖರ್ಚಿನಿಂದಲೇ ಒಂದು ಚಿಕ್ಕ ಪುಸ್ತಕ ಅಚ್ಚು ಮಾಡಿಸಿ ಹಂಚಿದರು. ಗುಟ್ಟಾಗಿ ನೊಂದವರು ಬಹಿರಂಗವಾಗಿ ಬರೆದರು. ಅವರ ಹೆಸರೇ ಇಂಗ್ಲಿಷಿನಲ್ಲಿ ಪಥ್ಯ ಮಾಡುವುದಕ್ಕೆ ಒಂದು ಕ್ರಿಯಾಪದವಾಗಿ ಕೆಲವು ಕಾಲ ನಿಂತಿತು.

ಇದಾದ ಹತ್ತು ವರ್ಷಕ್ಕೆ, ಅದೇ ಲಂಡನ್ನಿನಲ್ಲಿ, ವಿಲಿಯಂ ಗಲ್ ಎಂಬ ವೈದ್ಯರು ಬೇರೊಂದು ಚಿತ್ರವನ್ನು ಲೋಕದ ಮುಂದಿಟ್ಟರು. ಹರೆಯದ ಹುಡುಗಿಯರು ಬೇರೆ ರೋಗವಿಲ್ಲದೆ ಊಟ ಬಿಟ್ಟು ಸವೆಯುತ್ತಿದ್ದರು. ಈ ಕಾಯಿಲೆಗೆ ಅವರು ಇಟ್ಟ ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರೇ ಇಂದಿಗೂ ಉಳಿದಿದೆ. ಪ್ಯಾರಿಸಿನ ಲಾಸೆಗ್ ಎಂಬ ವೈದ್ಯರೂ ೧೮೭೩ರಲ್ಲಿ ಇದನ್ನೇ ವರ್ಣಿಸಿದ್ದರು. ಓದುಗರೇ, ಈ ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ. ಜನರ ನಗೆಗೆ ಹೆದರಿ ಮೌನವಾಗಿ ಮಿತ ಊಟ ಹಿಡಿದ ಮುದುಕ ಉಳಿದುಕೊಂಡ. ಮೌನವಾಗಿಯೇ ಊಟ ಬಿಟ್ಟ ಹುಡುಗಿ ಕಣ್ಣೆದುರೇ ಕರಗಿಹೋದಳು. ಗುಟ್ಟು ಒಬ್ಬನಿಗೆ ಗುರಾಣಿಯಾದರೆ ಇನ್ನೊಬ್ಬಳಿಗೆ ಕತ್ತಲೆಕೋಣೆಯಾಯಿತು.

ನಮ್ಮ ನಾಡಿನಲ್ಲಿ ಸಾಮಾನ್ಯ ಮನುಷ್ಯನಿಗೆ ತನ್ನ ತೂಕ ತಿಳಿಯುತ್ತಿದ್ದುದೇ ಅಪರೂಪ. ಅಡತಿ ಅಂಗಡಿಯ ತಕ್ಕಡಿ ತೊಗರಿಗೆ, ಜೋಳಕ್ಕೆ. ಅದರ ಮೇಲೆ ಮನುಷ್ಯ ನಿಂತರೆ ಅಂಗಡಿಯ ಮಂದಿಯೆಲ್ಲ ಲೆಕ್ಕ ಹೇಳುತ್ತಿದ್ದರು. ರೈಲು ನಿಲ್ದಾಣದಲ್ಲಿ ದೀಪ ಮಿನುಗುತ್ತ ನಿಂತ ತೂಕದ ಯಂತ್ರವೇ ಮೊದಲ ಗುಟ್ಟಿನ ತಕ್ಕಡಿ. ನಾಣ್ಯ ಹಾಕಿದರೆ ಒಂದು ಪುಟ್ಟ ಚೀಟಿ ಬೀಳುವುದು. ಒಂದು ಮಗ್ಗುಲಿಗೆ ತೂಕ, ಇನ್ನೊಂದು ಮಗ್ಗುಲಿಗೆ ಭವಿಷ್ಯ. ಭವಿಷ್ಯವನ್ನು ಎಲ್ಲರಿಗೂ ಓದಿ ಹೇಳಿ, ತೂಕವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡವರು ಎಷ್ಟು ಜನರೋ!

ಈಗ ಅಂಥ ಯಂತ್ರವೂ ಬೇಕಿಲ್ಲ. ದರ್ಜಿಯ ಟೇಪು ಸಾಕು. ಬಾಗಿಲು ಹಾಕಿಕೊಂಡು ಸೊಂಟದ ಸುತ್ತಳತೆ ನೋಡಿಕೊಳ್ಳಿ. ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ದಾಟಿದರೆ ಎಚ್ಚರವಹಿಸಬೇಕೆಂದು ನಮ್ಮ ದೇಶದ ವೈದ್ಯರು ೨೦೦೯ರಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಭಾರತೀಯರಲ್ಲಿ ಬೊಜ್ಜು ಹೊಟ್ಟೆಯ ಸುತ್ತ ಸೇರುವುದು ಹೆಚ್ಚು. ಕೈಕಾಲು ಸಣ್ಣಗಿದ್ದವರಿಗೂ ಸಕ್ಕರೆ ಕಾಯಿಲೆ ಬರುವುದಕ್ಕೆ ಇದೂ ಒಂದು ಕಾರಣ.

ಯಾರ ಗಮನಕ್ಕೂ ಬಾರದೆ ಏನನ್ನು ಬಿಡಬಹುದು? ಜೋಳದ ರೊಟ್ಟಿ ಉಂಡರೆ ತಾನಾಗಿಯೇ ಕರಗುತ್ತೇವೆಂಬ ನಂಬಿಕೆ ಈಚೆಗೆ ಹಬ್ಬಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ೨೦೧೭ರ ಪಟ್ಟಿಯಂತೆ ನೂರು ಗ್ರಾಂ ಜೋಳದಲ್ಲಿ ಸುಮಾರು ೩೩೪ ಕಿಲೋಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ ಸುಮಾರು ೩೫೬. ಅಂತರ ದೊಡ್ಡದಲ್ಲ. ಆದರೆ ನಾರಿನಂಶ ಜೋಳದಲ್ಲಿ ಹತ್ತು ಗ್ರಾಂ, ಅಕ್ಕಿಯಲ್ಲಿ ಮೂರಕ್ಕಿಂತ ಕಡಿಮೆ. ಅಗಿಯಬೇಕು, ಬೇಗ ಸಾಕೆನಿಸುತ್ತದೆ. ಲಾಭವಿರುವುದು ಅಲ್ಲಿ. ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಸುರಿದು ಎಣ್ಣೆ ಹೊಯ್ದುಕೊಂಡರೆ ಆ ಲಾಭವೂ ಹೋಯಿತು. ಒಂದು ದೊಡ್ಡ ಚಮಚೆ ಎಣ್ಣೆಯಲ್ಲಿಯೇ ೧೨೦ ಕಿಲೋಕ್ಯಾಲೊರಿಯುಂಟು. ದಿನಕ್ಕೆ ಆರು ಬಾರಿ ಎರಡೆರಡು ಚಮಚೆ ಸಕ್ಕರೆಯ ಚಹಾ ಕುಡಿಯುವವರು ೬೦ ಗ್ರಾಂ ಸಕ್ಕರೆಯಿಂದ ಸುಮಾರು ೨೪೦ ಕಿಲೋಕ್ಯಾಲೊರಿ ಪಡೆಯುತ್ತಾರೆ. ವಾರಕ್ಕೆ ಅರ್ಧ ಚಮಚೆಯಂತೆ ಸಕ್ಕರೆ ಕಡಿಮೆ ಮಾಡುತ್ತ ಬಂದರೆ ನಿಮ್ಮ ನಾಲಗೆಗೇ ತಿಳಿಯದು, ನೆರೆಯವರ ಮಾತೇನು? ಪುಂಡಿಪಲ್ಯ, ಹೆಸರುಬೇಳೆ ಒಂದು ಸೌಟು ಹೆಚ್ಚು, ರೊಟ್ಟಿ ಅರ್ಧ ಕಡಿಮೆ. ಜವಾರಿ ಊಟ ಜವಾರಿಯಾಗಿಯೇ ಇರುತ್ತದೆ. ಬೆಳಗಿನ ನಡಿಗೆಗೆ ಊರ ದೇವರ ಗುಡಿ ಒಳ್ಳೆಯ ನೆಪ. ವಾರಕ್ಕೆ ಅರ್ಧ ಕಿಲೋದಷ್ಟು ಇಳಿದರೆ ಸಾಕು. ಅದಕ್ಕಿಂತ ಅವಸರ ಬೇಡ.

ಎಲ್ಲರೂ ಸೊರಗಬೇಕೆಂದು ಇದರ ಅರ್ಥವಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ ೨೪ ಮಂದಿ ಹೆಂಗಸರು ಹೆಚ್ಚು ತೂಕದವರೆಂದು, ಸುಮಾರು ೧೯ ಮಂದಿ ತೂಕ ಸಾಲದವರೆಂದು ಕಂಡುಬಂತು. ೫೭ ಮಂದಿಗೆ ರಕ್ತಹೀನತೆ. ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಈ ಎಲ್ಲರೂ ಇದ್ದಾರೆ. ಅತ್ತೆಗೆ ಒಳಿತಾಗುವ ಮಿತಾಹಾರ ಬಸುರಿ ಸೊಸೆಗೆ ಕೇಡಾದೀತು. ಬೆಳೆಯುವ ಹುಡುಗಿ ಕನ್ನಡಿಯ ಮುಂದೆ ನಿಂತು ಊಟ ಬಿಡತೊಡಗಿದರೆ ತಾಯಿ ಅದನ್ನು ವ್ರತವೆಂದು ನಂಬಿ ಸುಮ್ಮನಾಗಬಾರದು. ಪ್ರಯತ್ನಪಡದೆಯೇ ತೂಕ ಇಳಿಯುತ್ತಿದ್ದರೆ ಅದು ಕ್ಷಯವಿರಬಹುದು, ಸಕ್ಕರೆ ಕಾಯಿಲೆಯಿರಬಹುದು, ಥೈರಾಯ್ಡ್ ಗ್ರಂಥಿಯ ದೋಷವಿರಬಹುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ತಾವಾಗಿಯೇ ಉಪವಾಸ ಹಿಡಿದರೆ ತಲೆಸುತ್ತಿ ಬೀಳುವ ಅಪಾಯವಿದೆ. ನೆರೆಯವರಿಂದ ಮುಚ್ಚಿಡಿ, ಚಿಂತೆಯಿಲ್ಲ. ವೈದ್ಯರಿಂದಲೂ ಮನೆಯಲ್ಲಿ ನಿಮಗೆ ಬೇಕಾದ ಒಬ್ಬರಿಂದಲೂ ಮಾತ್ರ ಮುಚ್ಚಿಡಬೇಡಿ.

ಆದುದರಿಂದ ಮುಂದಿನ ಬಾರಿ ಆ ಹಿರಿಯಾಕೆ “ಯಾಕ ಸೊರಗೀದಿ?” ಎಂದು ಕೇಳಿದಾಗ ಸಿಡುಕಬೇಡಿ. ಬರಗಾಲಗಳನ್ನು ಕಂಡ ನೆಲದ ಅಕ್ಕರೆ ಆಕೆಯ ಬಾಯಿಂದ ಮಾತಾಡುತ್ತಿದೆ. “ಆರಾಮ ಇದೀನಿ ಯವ್ವಾ” ಎಂದು ನಕ್ಕು ತಟ್ಟೆಯ ಮುಂದೆ ಕುಳಿತುಕೊಳ್ಳಿ. ಬಡಿಸಿದ ಒಂದು ಹೋಳಿಗೆಯನ್ನು ಸಾವಕಾಶವಾಗಿ, ಮನಸ್ಸಿಟ್ಟು ಉಣ್ಣಿ. ಎರಡನೆಯದಕ್ಕೆ ಕೈ ಅಡ್ಡ ಹಿಡಿಯಿರಿ. ಒಂದು ತುತ್ತಿನ ಜಾಗ ಖಾಲಿ ಉಳಿಯಲಿ. ಅದರ ಲೆಕ್ಕ ನಿಮಗೊಬ್ಬರಿಗೆ ಗೊತ್ತಿದ್ದರೆ ಸಾಕು.